ದಾನಮ್ಮ ಹಿಂದೆ ಕಳಿಸಿದ ಕೆಂಪು

ದಾನಮ್ಮ ನನ್ನ ಕೆಂಪನ್ನು ಮೂರನೆಯ ಸಲ ಹಿಂದೆ ಕಳಿಸಿದ ದಿನ ನನ್ನ ತಲೆ ಕೆಟ್ಟುಹೋಯಿತು.

ಇಲಕಲ್ಲಿನಲ್ಲಿ ನಲವತ್ತೊಂದು ವರ್ಷದಿಂದ ನೂಲಿಗೆ, ರೇಷ್ಮೆಗೆ ಬಣ್ಣ ಹಾಕುತ್ತಿದ್ದೇನೆ. ರಾಜಮಹ್ಮದ ಅಂದರೆ ನೇಕಾರರ ಓಣಿಯಲ್ಲಿ ಯಾರಾದರೂ ಮನೆ ತೋರಿಸುತ್ತಾರೆ. ನಮ್ಮೂರ ಸೀರೆಯ ಮೈ ಯಾವ ಬಣ್ಣದ್ದಾದರೂ ಇರಲಿ, ಸೆರಗು ಮಾತ್ರ ಕೆಂಪು; ಆ ಕೆಂಪಿನ ಮೇಲೆ ಬಿಳಿ ತೆನೆಯ ಚಿತ್ತಾರ ಏಳಬೇಕು. ಹಸಿರು ಒಂದಿಷ್ಟು ಹೆಚ್ಚುಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಕೆಂಪು ಕೆಟ್ಟರೆ ಸೀರೆ ಕೆಟ್ಟಿತು, ಬಣ್ಣ ಹಾಕಿದವನ ಹೆಸರೂ ಕೆಟ್ಟಿತು. ನನ್ನ ಹತ್ತಿರ ಆ ಹೆಸರು ಬಿಟ್ಟರೆ ಬೇರೇನೂ ಇಲ್ಲ. ಕೂದಲು ಹೋಯಿತು, ಮೊಣಕಾಲು ಹೋದವು, ಬಲಗಣ್ಣಿನ ಪೊರೆ ಎರಡು ವರ್ಷದ ಹಿಂದೆ ತೆಗೆಸಿದ್ದಾಯಿತು.

ದಾನಮ್ಮ ನಮ್ಮ ಓಣಿಯಲ್ಲೇ ಸೆರಗು ನೇಯುವವಳು. ಮೊದಲ ಸಲ ಅವಳು ರೇಷ್ಮೆ ಎಳೆಯ ಲಡಿ ಹಿಂದೆ ಕಳಿಸಿದಾಗ ಸುಮ್ಮನೆ ಮತ್ತೆ ಹಂಡೆಗೆ ಇಳಿಸಿದೆ. ಎರಡನೆಯ ಸಲ ಗೊಣಗುತ್ತ ಇಳಿಸಿದೆ. ಏಪ್ರಿಲ್ ಬಿಸಿಲು, ಕೆಳಗೆ ಒಲೆ, ಮೇಲೆ ತಗಡು. ಕೋಲಿಗೆ ಹಾಕಿದ ಲಡಿಯನ್ನು ಕುದಿಯುವ ನೀರಿನಲ್ಲಿ ತಿರುವುತ್ತ ನಿಂತರೆ ಈ ವಯಸ್ಸಿಗೆ ಸೊಂಟ ಬೇರೆಯವರದ್ದು ಅನ್ನಿಸುತ್ತದೆ. ಅಷ್ಟರಲ್ಲಿ ಓಣಿಯಲ್ಲಿ ಮಾತು ಹುಟ್ಟಿತ್ತು. ರಾಜಮಹ್ಮದ ಕಾಕಾಗೆ ವಯಸ್ಸಾಯಿತು, ಕಣ್ಣು ಸರಿ ಇಲ್ಲ, ಕೆಂಪು ಹಾರುತ್ತಿದೆಯಂತೆ. ಎದುರು ಮನೆಯ ರಾಚಪ್ಪ ಈ ಸಲದ ನೂಲನ್ನು ನನಗೆ ಕೊಡದೆ ಬೇರೆಯವರಿಗೆ ಕೊಟ್ಟ. ಕೊಡಲಿ ಬಿಡಿ. ಆದರೆ ನನ್ನ ಮುಖ ನೋಡಿದವನೇ ಚಪ್ಪಲಿ ಹುಡುಕುವವನ ಹಾಗೆ ತಲೆ ಬಗ್ಗಿಸಿಕೊಂಡು ಹೋದನಲ್ಲ, ಅದು ಮಾತ್ರ ನನಗೆ ನುಂಗಲಾಗಲಿಲ್ಲ.

ಮೂರನೆಯ ಸಲ ಲಡಿ ತಂದವನು ಅವಳ ಗಂಡ ಮಹಾಂತೇಶ. ಒಳ್ಳೆಯ ಹುಡುಗ, ನನ್ನ ಕಣ್ಣೆದುರಿಗೆ ಬೆಳೆದವನು. ಲಡಿ ಕಟ್ಟೆಯ ಮೇಲಿಟ್ಟು, "ಆಕಿ ಒಲ್ಲೆ ಅಂತಾಳ್ರಿ ಕಾಕಾ. ಕೆಂಪು ಸತ್ತೈತಂತ," ಅಂದ.

"ನಿನಗ ಹ್ಯಾಂಗ ಕಾಣತೈತಿ?"

"ನನಗ ಛಲೋನ ಕಾಣತೈತ್ರಿ. ಆದ್ರ ಸೆರಗು ಆಕೀದು. ನಾ ಏನ್ ಹೇಳ್ಲಿ?"

ಇಂಥ ಜಗಳಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರತಿ ಹಂಡೆಯಿಂದ ಒಂದು ಎಳೆ ತೆಗೆದು ಎರಡು ತುಂಡು ಮಾಡುತ್ತೇವೆ. ಒಂದು ತುಂಡು ನೇಕಾರನ ಮಗ್ಗಕ್ಕೆ, ಇನ್ನೊಂದು ಬಣ್ಣ ಹಾಕುವವನ ಗೂಟಕ್ಕೆ. ತಕರಾರು ಬಂದರೆ ನೇಕಾರನ ಹೊಸ್ತಿಲ ಮುಂದೆ, ಮುಂಜಾನೆಯ ಬಿಸಿಲಿನಲ್ಲಿ, ನಾಲ್ಕು ಮಂದಿಯ ಎದುರು ಎಳೆ ಕೂಡಿಸಿ ನೋಡಬೇಕು. ಸೋತವನು ಸುಮ್ಮನಾಗಬೇಕು. ನಾನು ಗೂಟದಿಂದ ಹೋದ ದೀಪಾವಳಿಯ ಎಳೆ ಬಿಚ್ಚಿಕೊಂಡೆ. ಆ ಕೆಂಪನ್ನು ದಾನಮ್ಮನೇ ಹೊಗಳಿದ್ದಳು. ತಂಗಿಯ ಸೀರೆಗೂ ಇದೇ ಇರಲಿ ಅಂದಿದ್ದಳು. ಅದರ ಪಕ್ಕಕ್ಕೆ ಈಗಿನ ಕೆಂಪನ್ನಿಟ್ಟು ಅವಳ ಬಾಯಿ ಮುಚ್ಚಿಸುತ್ತೇನೆ ಎಂದು ಹೊರಟೆ.

ಅವಳು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮೂವತ್ತೊಂದರ ಹೆಂಗಸು. ನನ್ನ ಧ್ವನಿ ಕೇಳಿ ಎದ್ದು, ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಗೋಡೆ ಯಾಕೆ ಹಿಡಿದಳು ಎಂದು ನಾನು ಕೇಳಲಿಲ್ಲ. ನನ್ನ ತಲೆಯ ತುಂಬ ಕೆಂಪೇ ಇತ್ತು.

"ನೋಡು," ಅಂತ ಎರಡೂ ಎಳೆ ಅವಳ ಕೈಗೆ ಕೊಟ್ಟೆ. ರಾಚಪ್ಪನೂ ಬಂದು ನಿಂತಿದ್ದ. ಬರಲಿ ಎಂದೇ ನಾನು ದಾರಿಯುದ್ದಕ್ಕೂ ಜೋರಾಗಿ ಕೆಮ್ಮುತ್ತ ಬಂದಿದ್ದೆ.

ಅವಳು ಎಳೆಗಳನ್ನು ಬೆರಳಲ್ಲಿ ಎಳೆದು ಹಿಡಿದು ನೋಡಿ, "ಎರಡೂ ಒಂದ ಅದಾವಲ್ರಿ ಕಾಕಾ. ಎರಡೂ ಇಟ್ಟಂಗಿ ಬಣ್ಣ," ಅಂದಳು. ನನ್ನ ಕೆಂಪಿಗೆ ಇಟ್ಟಿಗೆಯ ಬಣ್ಣ ಅಂದಳು!

"ಹೋದ ದೀಪಾವಳಿಗೆ ಕುಂಕುಮ ಇದ್ದದ್ದು ಈಗ ಇಟ್ಟಂಗಿ ಆತೇನು? ಗೂಟದಾಗ ಕುಂತು ಬಣ್ಣ ಬದ್ಲಾತೇನು? ನನ್ನ ಹೆಸರು ಕೆಡಿಸಾಕ ನಿಂತೀಯೇನವಾ ನೀ?" ಇನ್ನೂ ಏನೇನೋ ಅಂದೆ. ಓಣಿಯ ತುದಿಯವರೆಗೂ ಕೇಳುವ ಹಾಗೆ ಅಂದೆ. ಅವನ್ನೆಲ್ಲ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಅವಳು ತಿರುಗಿ ಮಾತಾಡಿದ್ದರೆ ನನಗೆ ಹಿತವಾಗುತ್ತಿತ್ತು. ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. "ನನಗ ಜಗಳಾಡಾಕ ತ್ರಾಣ ಇಲ್ರಿ ಕಾಕಾ. ನಿಮ್ಮ ಕೆಂಪು ಛಲೋ ಐತಿ ಅಂದ್ರ ಐತಿ. ಕೊಡ್ರಿ, ನೇಯ್ತೇನಿ," ಅಂದಳು.

ಇಂಥ ಗೆಲುವನ್ನು ತೆಗೆದುಕೊಂಡು ಏನು ಮಾಡುವುದು? ನನ್ನ ಸಿಟ್ಟು ಅರ್ಧಕ್ಕೆ ನಿಂತಿತು. ನಾಲ್ಕು ಮಂದಿ ಮುಖ ನೋಡುತ್ತಿದ್ದಾರೆ ಎಂದು, "ಹಂಗಲ್ಲ, ಸರಿಯಾಗಿ ನೋಡಿ ಹೇಳು," ಅಂದೆ. ಅವಳು ಮತ್ತೆ ಎಳೆ ಎತ್ತಿ ಹಿಡಿದಳು. ಆಗ ನೋಡಿದೆ: ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಳೆಯ ಉದ್ದಕ್ಕೂ ನೋಡುತ್ತಿದ್ದಳು. ಅದರಲ್ಲಿ ಹೊಸದೇನೂ ಇಲ್ಲ. ಎಳೆಯ ಕೆಲಸದವರು ನಾವೆಲ್ಲ ಹಾಗೇ ನೋಡುವುದು; ಸೀರೆಯ ಮೈಯ ಎಳೆಗೆ ಸೆರಗಿನ ಎಳೆ ಕೊಂಡಿ ಹಾಕಿ ಹಾಕಿ ಒಂದು ಕಣ್ಣು ತಾನಾಗಿಯೇ ಮುಚ್ಚುತ್ತದೆ. ಆದರೆ ನನಗೆ ನನ್ನ ಪೊರೆಯ ಕಣ್ಣು ನೆನಪಾಯಿತು. ಶಸ್ತ್ರ ಮಾಡಿಸಿಕೊಂಡ ಮೇಲೆ ತಿಂಗಳುಗಟ್ಟಲೆ ಒಂದೇ ಬಿಳಿ ಗೋಡೆ ಒಂದು ಕಣ್ಣಿಗೆ ಹಳದಿ, ಇನ್ನೊಂದಕ್ಕೆ ನೀಲಿ ಕಾಣುತ್ತಿತ್ತು.

"ಬಲಗಣ್ಣು ಮುಚ್ಚು. ಎಡಗಣ್ಣಲೆ ನೋಡು," ಅಂದೆ.

ನೋಡಿದಳು. ಬಾಯಿ ತೆರೆದಳು. "ಅಯ್ಯ! ಕುಂಕುಮನ ಐತಲ್ರಿ!" ಮತ್ತೆ ಬಲಗಣ್ಣು. "ಇಟ್ಟಂಗಿ." ಮತ್ತೆ ಎಡಗಣ್ಣು. "ಕುಂಕುಮ." ಆಮೇಲೆ ಮೆಲ್ಲಗೆ, "ಈ ಬಲಗಣ್ಣಾಗ ನಟ್ಟನಡುವ ಮಬ್ಬು ಐತ್ರಿ. ಒಂದು ವಾರಾತು, ಕಣ್ಣು ಆಕಡೆ ಈಕಡೆ ಹೊಳ್ಳಿಸಿದ್ರ ಒಳಗ ನೋಯ್ತೈತಿ. ನಿದ್ದಿ ಇಲ್ಲದ್ದಕ್ಕ ಅನ್ಕೊಂಡಿದ್ದೆ," ಅಂದಳು.

ನಾನು ಎದೆ ಸೆಟೆಸಿ ನಿಂತೆ. ರಾಚಪ್ಪನ ಕಡೆ ಒಂದು ಸಲ ನೋಡಿದೆ. "ಪೊರಿ ಬಂದೈತಿ. ನನಗೂ ಬಂದಿತ್ತು. ಅವಸರ ಏನಿಲ್ಲ, ಮಳಿಗಾಲಕ್ಕ ಮಾಡಿಸಿದ್ರಾತು," ಎಂದು ಡಾಕ್ಟರರ ಹಾಗೆ ಹೇಳಿ ಮನೆಗೆ ಬಂದೆ. ದಾರಿಯಲ್ಲಿ ಸಿಕ್ಕ ಇಬ್ಬರಿಗೆ ನಾನೇ ನಿಲ್ಲಿಸಿ ಹೇಳಿದೆ: ನನ್ನ ಕೆಂಪು ಕೆಟ್ಟಿಲ್ಲ, ಆಕೆಯ ಕಣ್ಣು ಕೆಟ್ಟಿದೆ. ಎಷ್ಟು ಸಂತೋಷದಿಂದ ಹೇಳಿದೆ ಎಂಬುದು ನನಗೆ ಈಗಲೂ ನೆನಪಿದೆ.

ನನ್ನ ಹೆಂಡತಿ ಲಾಡಬಿ ರೊಟ್ಟಿ ಬಡಿಯುತ್ತ ಎಲ್ಲ ಕೇಳಿದಳು. ಕೇಳಿ, "ಮೂವತ್ತೊಂದರ ಹುಡುಗಿಗೆ ಪೊರೀನಾ?" ಅಂದಳು.

"ಕೆಲವ್ರಿಗೆ ಲಗೂನ ಬರತೈತಿ."

"ಆಕಿ ಕಣ್ಣು ನೋಯ್ತೈತಿ ಅಂತಾಳ ಅಂದ್ರಿ. ನಿಮಗ ನೊಂದಿತ್ತೇನು?"

ನೊಂದಿರಲಿಲ್ಲ. ಪೊರೆ ಬರುವುದಕ್ಕೆ ನನಗೆ ನಾಲ್ಕು ವರ್ಷ ಹಿಡಿದಿತ್ತು. ಇವಳಿಗೆ ವಾರದಲ್ಲಿ. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದೆ. ಮಧ್ಯಾಹ್ನದ ಬಿಸಿಲಿನಲ್ಲೇ ಮತ್ತೆ ಹೋಗಿ, "ಮಹಾಂತೇಶ, ನಾಳೆ ಬಾಗಲಕೋಟಿಗೆ ಹೋಗೂಣು, ನನ್ನ ಕಣ್ಣು ಮಾಡಿದ ಡಾಕ್ಟರ್ ಕಡೆ. ನಾನೂ ಬರ್ತೇನಿ," ಅಂದೆ. ಅಷ್ಟು ಕೂಗಾಡಿದ್ದಕ್ಕೆ ಅದಾದರೂ ಮಾಡಬೇಕಿತ್ತು.

ಮುಂಜಾನೆಯ ಬಸ್ಸು ಹುನಗುಂದ ಮುಟ್ಟುವಷ್ಟರಲ್ಲಿ ಕಿಟಕಿಯಿಂದ ಬಿಸಿ ಗಾಳಿ ಶುರುವಾಗಿತ್ತು. ದಾನಮ್ಮ ಸೀಟಿನ ಕೆಳಗಿನ ಚೀಲಕ್ಕೆ ತಲೆ ಬಗ್ಗಿಸಿದವಳು "ಹಾ!" ಎಂದು ಥಟ್ಟನೆ ನೆಟ್ಟಗಾದಳು.

"ಏನಾತವಾ?"

"ಏನಿಲ್ರಿ. ತಲಿ ಬಗ್ಗಿಸಿದ್ರ ಕರೆಂಟ್ ಹೊಡದಂಗ ಆಗತೈತಿ. ಕುತ್ತಿಗಿಯಿಂದ ಬೆನ್ನಾಗ ಇಳೀತೈತಿ."

"ಮಗ್ಗದಾಗ ಬಗ್ಗಿ ಬಗ್ಗಿ ಆಗೈತ್ರಿ ಕಾಕಾ," ಅಂದ ಮಹಾಂತೇಶ. "ಹೋದ ಕಾರ್ತಿಕದಾಗ ಕಾಲು ಹಿಂಗ ಹಿಡಿದಿತ್ತು. ಕುಣಿಯಾಗ ಕಾಲು ಬಿಟ್ಟು ಕುಂದ್ರೂದಲ್ರಿ."

"ಎಷ್ಟು ದಿನ ಹಿಡಿದಿತ್ತು?"

"ಮೂರು ವಾರ ಇತ್ರಿ," ಅಂದಳು ದಾನಮ್ಮ. "ಎಡಗಾಲು. ಕೆಳಗ ತುಳಿಯೋ ಹಲಗಿ ಐತೋ ಇಲ್ಲೋ ತಿಳೀತಿರಲಿಲ್ಲ. ಬಗ್ಗಿ ನೋಡಿ ತುಳೀತಿದ್ದೆ. ಊರಾಗಿನ ಡಾಕ್ಟರ್ ಶಕ್ತಿ ಸೂಜಿ ಮಾಡಿದ್ರು, ಕಡಿಮಿ ಆತು."

ಅಮೀನಗಡದಲ್ಲಿ ಬಸ್ಸು ನಿಂತಾಗ ಒಂದು ಕರದಂಟು ತಂದುಕೊಟ್ಟೆ. ಕೈಯಲ್ಲಿ ಹಿಡಿದೇ ಕೂತಳು. "ಅಗಿಯಾಕ ಬ್ಯಾಸರ ಬರತೈತ್ರಿ ಕಾಕಾ," ಅಂದು ನಗಲು ನೋಡಿದಳು. ನಾನೂ ದಣಿದವನೇ, ದಣಿವು ಏನೆಂದು ನನಗೆ ಗೊತ್ತು. ನನ್ನದು ಹಾಸಿಗೆಗೆ ಬಿದ್ದರೆ ಇಳಿಯುತ್ತದೆ. ಅವಳಿಗೆ ಮಲಗಿ ಎದ್ದಾಗಲೇ ಶುರುವಂತೆ. ಬಿಸಿನೀರು ಮೈಮೇಲೆ ಹಾಕಿಕೊಂಡರೆ ಕಣ್ಣು ಇನ್ನಷ್ಟು ಮಬ್ಬಂತೆ, ಕಾಲು ಭಾರವಂತೆ. ಇದನ್ನೆಲ್ಲ ಅವಳು ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು.

ನವನಗರದ ಕಣ್ಣಿನ ದವಾಖಾನೆಯಲ್ಲಿ ನಮ್ಮ ಪಾಳಿ ಬಂದಾಗ ಹನ್ನೆರಡು ಹೊಡೆದಿತ್ತು. ಡಾಕ್ಟರ್ ರಾಜಶ್ರೀ ಅವಳನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಬ್ಯಾಟರಿ ಬೆಳಕನ್ನು ಈ ಕಣ್ಣಿಗೊಮ್ಮೆ ಆ ಕಣ್ಣಿಗೊಮ್ಮೆ ತೂಗಿದರು. ಔಷಧದ ಬಾಟಲಿಯ ಕೆಂಪು ಮುಚ್ಚಳ ತೋರಿಸಿ ಒಂದೊಂದೇ ಕಣ್ಣಿನಿಂದ ಬಣ್ಣ ಕೇಳಿದರು. ನನ್ನ ಎಳೆಯ ಪರೀಕ್ಷೆಯೇ ಅದು. ಹಮ್ಮು ಬರಬೇಕಿತ್ತು, ಬರಲಿಲ್ಲ.

"ಪೊರಿ ಅಲ್ಲ," ಅಂದರು ಡಾಕ್ಟರ್. "ಕಣ್ಣಿನ ಹಿಂದಿನ ನರಕ್ಕ ಬಾವು ಬಂದೈತಿ. ಈ ವರ್ಷ, ಎರಡು ವರ್ಷದಾಗ ಮೈಯಾಗ ಬ್ಯಾರೆ ಏನಾರ ತ್ರಾಸ ಆಗಿತ್ತೇನ್ರಿ? ಕೈಕಾಲು ಜೋಮು, ನಡಿಯೂವಾಗ ಜೋಲಿ, ಅಂಥಾದ್ದು?"

"ಏನಿಲ್ರಿ," ಅಂದ ಮಹಾಂತೇಶ. "ಗಟ್ಟಿ ಅದಾಳ್ರಿ."

ಡಾಕ್ಟರ್ ತಲೆಯಾಡಿಸಿ ಚೀಟಿ ಬರೆಯತೊಡಗಿದರು.

ಆ ಹುಡುಗ ಸುಳ್ಳು ಹೇಳಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮಗ್ಗದ ಮನೆಯಲ್ಲಿ ಕಾಲು ಹಿಡಿಯುವುದು ತ್ರಾಸವೆಂದು ಲೆಕ್ಕಕ್ಕೇ ಬರುವುದಿಲ್ಲ. ಕುತ್ತಿಗೆ ನೋವು, ಬೆನ್ನು ನೋವು, ಜೋಮು, ಇವೆಲ್ಲ ಸಾಲೆ ಬಿಟ್ಟು ಮಗ್ಗಕ್ಕೆ ಕೂತ ದಿನದಿಂದಲೇ ಜೊತೆಗೆ ಬರುತ್ತವೆ. ಕಣ್ಣಿನ ಡಾಕ್ಟರಿಗೆ ಕಾಲಿನ ಸುದ್ದಿ ಯಾಕೆ ಎಂದೂ ಅವನಿಗೆ ಅನ್ನಿಸಿರಬೇಕು. ಅದೆಲ್ಲ ಈಗ ಹೇಳುತ್ತೇನೆ. ಆಗ ನನಗೆ ಬಂದದ್ದು ಸಿಟ್ಟು.

"ಏನಿಲ್ಲಂತ ಹ್ಯಾಂಗ ಅಂತಿಲೇ? ಡಾಕ್ಟರ್, ಪೆನ್ನು ತಗೀರಿ, ನಾ ಹೇಳ್ತೇನಿ ಬರ್ಕೋರಿ. ಕಾರ್ತಿಕದಾಗ ಎಡಗಾಲು ಮೂರು ವಾರ ಸತ್ತಂಗ ಇತ್ತು. ತಲಿ ಬಗ್ಗಿಸಿದ್ರ ಬೆನ್ನಾಗ ಕರೆಂಟ್ ಇಳೀತೈತಿ. ಗ್ವಾಡಿ ಹಿಡ್ಕೊಂಡು ನಡೀತಾಳ. ಬಿಸಿನೀರು ಹಾಕ್ಕೊಂಡ್ರ ಕಣ್ಣು ಮಬ್ಬಾಗತಾವ. ಕರದಂಟು ಅಗಿಯಾಕ ತ್ರಾಣ ಇಲ್ಲ ಈ ಹುಡುಗಿಗೆ!"

ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಒಳಗೆ ಇಣುಕಿದರು. ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ಕುರ್ಚಿಯನ್ನು ದಾನಮ್ಮನ ಕಡೆ ತಿರುಗಿಸಿದರು. "ಖರೆ ಏನವಾ?"

"ಹೂನ್ರಿ," ಅಂದಳು ದಾನಮ್ಮ. "ಮಗ್ಗದಿಂದ ಅನ್ಕೊಂಡಿದ್ವಿ."

"ಕುಂತು ಕುಂತು ಕಾಲು ಜೋಮು ಹಿಡಿದ್ರ ಎದ್ದು ನಾಕು ಹೆಜ್ಜಿ ನಡದ್ರ ಬಿಡಬೇಕು. ಮೂರು ವಾರ ಬಿಡಲಿಲ್ಲ ಅಂದ್ರ ಅದು ಮಗ್ಗ ಅಲ್ಲ," ಅಂದರು ಡಾಕ್ಟರ್. ಗದರುವ ದನಿಯಲ್ಲ, ಅವರೂ ದಣಿದಿದ್ದರು. "ಕಾಲಿಗೊಂದು ಕಾರಣ, ಕುತ್ತಿಗಿಗೊಂದು ಕಾರಣ, ಕಣ್ಣಿಗೊಂದು ಕಾರಣ ಹಚ್ಚಿ ಬಿಟ್ಟೀರಿ. ಮೈ ಒಂದ ಐತಲ್ಲ."

ಕಣ್ಣಿಗೆ ಪೊರೆಯ ಕಾರಣ ಹಚ್ಚಿದವನು ನಾನು.

ಡಾಕ್ಟರ್ ಅಲ್ಲಿಂದಲೇ ನರಗಳ ಡಾಕ್ಟರಿಗೆ ಫೋನ್ ಮಾಡಿದರು. ಅವತ್ತು ನಾವು ಊರಿಗೆ ಮರಳಲಿಲ್ಲ. ತಲೆಯದು, ಬೆನ್ನುಹುರಿಯದು ಸ್ಕ್ಯಾನ್ ಆಯಿತು, ರಕ್ತ ತೆಗೆದರು, ಬೆನ್ನಿನ ನೀರು ತೆಗೆದರು. ಬೇರೆ ರೋಗವಲ್ಲ ಎಂದು ಖಾತ್ರಿ ಮಾಡಿಕೊಳ್ಳುವವರೆಗೆ ಆ ಡಾಕ್ಟರ್ "ಇರಬಹುದು" ಅಂತಲೇ ಹೇಳುತ್ತಿದ್ದರು. ಆಮೇಲೆ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್. ಮೈಯನ್ನು ಕಾಯಬೇಕಾದ ಶಕ್ತಿಯೇ ತಪ್ಪು ತಿಳಿದು ನರಗಳ ಮೇಲಿನ ಹೊದಿಕೆಯನ್ನು ಕೆಡಿಸುತ್ತದಂತೆ. ಎಲ್ಲಿ ಕೆಟ್ಟಿತೋ ಅಲ್ಲಿನ ಸುದ್ದಿ ಮಿದುಳಿಗೆ ಸರಿಯಾಗಿ ಹೋಗುವುದಿಲ್ಲ. ಒಮ್ಮೆ ಕಾಲು, ಒಮ್ಮೆ ಕಣ್ಣು. ಬರುತ್ತದೆ, ತಾನೇ ಇಳಿಯುತ್ತದೆ. ಇಳಿಯಿತಲ್ಲ ಎಂದು ಮಂದಿ ಮರೆಯುತ್ತಾರೆ. ಅಂಟುರೋಗವಲ್ಲ, ಯಾರ ಪಾಪವೂ ಅಲ್ಲ. ಪೂರ್ತಿ ಹೋಗುವುದಿಲ್ಲ. ಆದರೆ ಮತ್ತೆ ಮತ್ತೆ ಬರದ ಹಾಗೆ ತಡೆಯಲು ಔಷಧ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

"ಹೊಸಾ ತ್ರಾಸ ಏನಾರ ಬಂದು ಒಂದು ದಿನ ದಾಟಿ ಉಳೀತು ಅಂದ್ರ ಕಾಯಬ್ಯಾಡ್ರಿ. ಬಂದುಬಿಡ್ರಿ," ಅಂದರು.

ಸ್ಟಿರಾಯ್ಡ್ ಸಲಾಯಿನ್ ಏರುತ್ತಿದ್ದ ದಿನಗಳಲ್ಲಿ ಮಹಾಂತೇಶ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಒಂದು ಮಧ್ಯಾಹ್ನ ನನ್ನ ಕಡೆ ನೋಡದೆ, "ನಾ ಆಕಿಗೆ ಮೈಗಳ್ಳಿ ಅಂದಿದ್ದೆ ಕಾಕಾ. ಹೋದ ತಿಂಗಳ. ಎರಡು ಸಲ," ಅಂದ.

ನಾನೇನು ಸಮಾಧಾನ ಹೇಳಲಿ? ಓಣಿಯ ತುಂಬ ಆಕೆಯ ಕಣ್ಣು ಕೆಟ್ಟಿದೆ ಎಂದು ಸಾರಿಕೊಂಡು ಬಂದವನು ನಾನು. ನನ್ನ ಹೆಸರು ಉಳಿದಿತ್ತು. ರಾಚಪ್ಪ ಫೋನ್ ಮಾಡಿ, ಮುಂದಿನ ನೂಲು ನಿಮಗೇ ಕಾಕಾ, ಅಂದಿದ್ದ. ಹಾಳಾಗಲಿ ಆ ನೂಲು. ನನ್ನ ಕೆಂಪೇ ಕೆಟ್ಟಿದ್ದರೆ ಏನಾಗುತ್ತಿತ್ತು? ಹಂಡೆ ಇತ್ತು, ನೀರಿತ್ತು, ಇನ್ನೊಂದು ಸಲ ಇಳಿಸಿ ತೆಗೆಯುತ್ತಿದ್ದೆ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ, ನಾನೇ ಸೋತಿದ್ದರೆ ಚೆನ್ನಾಗಿತ್ತು ಎಂದು ಬೆಂಚಿನ ಮೇಲೆ ಕೂತು ಅತ್ತೆ. ಮಹಾಂತೇಶ ನನಗೇ ನೀರು ತಂದುಕೊಡಬೇಕಾಯಿತು.

ಊರಿಗೆ ಬಂದ ಮೇಲೆ ನನಗೊಂದು ಚಟ ಹತ್ತಿತು. ದೀಪಾವಳಿಯ ಆ ಎಳೆಯನ್ನು ಮತ್ತೆ ಗೂಟಕ್ಕೆ ಕಟ್ಟಲಿಲ್ಲ, ಜೇಬಿನಲ್ಲೇ ಇಟ್ಟುಕೊಂಡೆ. ಎರಡು ದಿನಕ್ಕೊಮ್ಮೆ ಅವಳ ಹೊಸ್ತಿಲಿಗೆ ಹೋಗಿ, ಮುಚ್ಚು ಆ ಕಣ್ಣು, ಮುಚ್ಚು ಈ ಕಣ್ಣು. ಮೊದಲ ವಾರ ಬಲಗಣ್ಣಿಗೆ ಇಟ್ಟಂಗಿಯೇ. ಆಮೇಲೆ "ಇಟ್ಟಂಗಿ ಮ್ಯಾಲೆ ನೀರು ಹಾಕಿದಂಗ ಐತ್ರಿ" ಅಂದಳು. ಆಮೇಲೆ "ಹಳೇ ಕುಂಕುಮ." ಒಂದೂವರೆ ತಿಂಗಳಿಗೆ ಬಹುಪಾಲು ಸರಿಯಾಯಿತು. "ಕಾಕಾ ಈಗ ಬಣ್ಣ ಬಿಟ್ಟು ಡಾಕ್ಟರಕಿ ಶುರು ಮಾಡ್ಯಾರ," ಎಂದು ಲಾಡಬಿಯ ಹತ್ತಿರ ನನ್ನನ್ನು ಆಡಿಕೊಂಡಳಂತೆ. ಆಡಿಕೊಳ್ಳಲಿ, ಆಡಿಕೊಳ್ಳುವಷ್ಟು ತ್ರಾಣ ಬಂದಿತಲ್ಲ.

ದಣಿವು ಮಾತ್ರ ಹೋಗಲಿಲ್ಲ. ಈಗ ಅವಳು ಬಿಸಿಲೇರುವ ಮೊದಲು ಎರಡು ತಾಸು ಕುಣಿಗೆ ಇಳಿಯುತ್ತಾಳೆ, ಕುತ್ತಿಗೆಯ ಮೇಲೆ ಹಸಿ ಬಟ್ಟೆ ಹಾಕಿಕೊಂಡು. ಉಳಿದದ್ದು ಮಹಾಂತೇಶನ ಕೆಲಸ. ಸೆರಗು ನೇಯಲು ಅವನಿಗೆ ಅವಳಷ್ಟು ಕೈ ಇಲ್ಲ; ಅವಳು ಮಂಚದ ಮೇಲೆ ಮಲಗಿಯೇ ಅವನಿಗೆ ತಪ್ಪು ತೋರಿಸುತ್ತಾಳೆ. ತಿಂಗಳಿಗೊಮ್ಮೆ ಬಾಗಲಕೋಟೆಗೆ ಹೋಗಿ ಔಷಧ ತರುತ್ತಾರೆ.

ಶ್ರಾವಣದಲ್ಲಿ ಒಂದು ಮುಂಜಾನೆ ನಾನು ಒಲೆ ಹೊತ್ತಿಸುತ್ತಿದ್ದೆ. ಮಹಾಂತೇಶ ಬಂದ. ಕೈಯಲ್ಲಿ ನಾನು ಹಿಂದಿನ ದಿನ ಕೊಟ್ಟ ಕೆಂಪು ಲಡಿ. ಕಟ್ಟೆಯ ಮೇಲೆ ಇಡಲಿಲ್ಲ, ಹಿಡಿದೇ ನಿಂತ.

"ಒಲ್ಲೆ ಅಂತಾಳ್ರಿ ಕಾಕಾ. ಕೆಂಪು ಸರಿ ಇಲ್ಲಂತ."

ಕಟ್ಟಿಗೆ ಅಲ್ಲೇ ಎಸೆದು ಎದ್ದೆ. ಮೊಣಕಾಲು ನೋವು ಅಂತ ದಿನಾ ಅಳುವವನು ಆ ಓಣಿಯನ್ನು ಹೇಗೆ ದಾಟಿದೆನೋ ಗೊತ್ತಿಲ್ಲ. ಚಪ್ಪಲಿ ಮನೆಯಲ್ಲೇ ಉಳಿದಿತ್ತು. ಮತ್ತೆ ಬಂತು, ಇಷ್ಟು ಬೇಗ ಬಂತು ಎಂಬ ಒಂದೇ ಮಾತು ತಲೆಯಲ್ಲಿ. ನಾನು ಓಡುವುದನ್ನು ನೋಡಿ ರಾಚಪ್ಪನೂ ಹಿಂದೆ ಬಂದ.

ದಾನಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ನಾನು ಜೇಬಿನ ಎಳೆ ತೆಗೆದೆ, ಹಿಂದೆಯೇ ಓಡಿ ಬಂದ ಮಹಾಂತೇಶನ ಕೈಯ ಲಡಿಯಿಂದ ಒಂದು ಎಳೆ ಕಿತ್ತೆ, ಎರಡನ್ನೂ ಅವಳ ಕೈಗಿಟ್ಟೆ.

"ಎಡಗಣ್ಣು ಮುಚ್ಚು."

ಮುಚ್ಚಿದಳು. ಬಲಗಣ್ಣಿನಿಂದ ಜೇಬಿನ ಎಳೆ ನೋಡಿ, "ಇದು ಕುಂಕುಮ," ಅಂದಳು. ಹೊಸ ಎಳೆ ನೋಡಿ, "ಇದು ಅಲ್ಲ. ಕಮ್ಮಿ ಐತಿ."

"ಈಗ ಬಲಗಣ್ಣು ಮುಚ್ಚು. ಸಾವಕಾಶ ನೋಡು."

ಸಾವಕಾಶ ನೋಡಿದಳು. "ಇದು ಕುಂಕುಮ. ಇದು ಕಮ್ಮಿ. ಎರಡೂ ಕಣ್ಣಿಗೆ ಹಂಗ ಐತ್ರಿ ಕಾಕಾ."

ನಾನು ಎಳೆಗಳನ್ನು ಕಸಿದುಕೊಂಡು ಬಿಸಿಲಿಗೆ ಹಿಡಿದೆ. ಹೊಸ ಎಳೆ ಮಂಕಾಗಿತ್ತು. ಯಾರಿಗಾದರೂ ಕಾಣುವಷ್ಟು ಮಂಕಾಗಿತ್ತು. ಆಗ ನೆನಪಾಯಿತು. ಹಿಂದಿನ ದಿನ ಸೊಂಟ ಹಿಡಿದು, ನಿಲ್ಲಲಾಗದೆ, ಇನ್ನೂ ಅರ್ಧ ತಾಸು ಕುದಿಯಬೇಕಾದ ಲಡಿಯನ್ನು ಸಾಕು ಎಂದು ಎತ್ತಿದ್ದೆ. ಬಿಸಿಲಲ್ಲಿ ನೋಡುವ ಗೋಜಿಗೂ ಹೋಗದೆ ಕಳಿಸಿದ್ದೆ.

"ಮಹಾಂತೇಶ, ನೀನೂ ನೋಡು," ಅಂದೆ. ಅವನು ನೋಡಿದ. "ಹೌದ್ರಿ ಕಾಕಾ, ಕಮ್ಮೀನ ಐತಿ," ಎಂದವನು ಹೆಂಡತಿಯ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತು ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು.

"ರಾಚಪ್ಪಾ!" ಎಂದು ಕೂಗಿದೆ. ಅವನು ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಆದರೂ ಓಣಿಯ ತುದಿಯವರೆಗೂ ಕೇಳುವ ಹಾಗೆ ಕೂಗಿದೆ. "ಎಲ್ಲಾರೂ ಕೇಳ್ರಿ! ದಾನಮ್ಮನ ಕಣ್ಣು ಛಲೋ ಅದಾವ! ರಾಜಮಹ್ಮದನ ಕೆಂಪು ಕೆಟ್ಟೈತಿ!"

ಎರಡು ಮೂರು ಮಗ್ಗ ನಿಂತವು. ಯಾರೋ ಬಾಗಿಲಿಗೆ ಬಂದರು. ದಾನಮ್ಮ ನಗುತ್ತ, "ಸಾಕು ಬಿಡ್ರಿ ಕಾಕಾ, ಮರ್ಯಾದಿ ಹೋಗತೈತಿ," ಅಂದಳು.

ಲಡಿಯನ್ನು ಹೆಗಲಿಗೆ ಹಾಕಿಕೊಂಡು ಬರಿಗಾಲಲ್ಲಿ ಮನೆಗೆ ಬಂದು ಮತ್ತೆ ಹಂಡೆ ಇಟ್ಟೆ.